ಆರು ತಿಂಗಳಿಗೆ ಒಂದು ದಿನ ಕಡಿಮೆ

2022ರ ಜುಲೈ 30, ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಜರ್ಮನಿಯಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ವೈಲ್ ಆಮ್ ರೈನ್ ಎಂಬ ಗಡಿಯೂರಿನ ಸುಂಕದ ಕಟ್ಟೆಯ ಬಳಿ ನನ್ನ ಕಾರನ್ನು ಪಕ್ಕಕ್ಕೆ ಹಾಕಿ ಇಳಿದೆ. ಹಿಂದಿನ ಸೀಟಿನಲ್ಲಿ ಪುಸ್ತಕದ ಪೆಟ್ಟಿಗೆಗಳು, ಡಿಕ್ಕಿಯಲ್ಲಿ ಪಾತ್ರೆಗಳು, ಹಾಸಿಗೆ, ಒಂದು ಹೊಲಿಗೆ ಯಂತ್ರ; ಕೈಯಲ್ಲಿ ವಾರಗಟ್ಟಲೆ ಕೂಡಿಸಿದ ಕಾಗದಗಳ ಕಡತ. ಐದು ವರ್ಷ ಸ್ಟುಟ್‌ಗಾರ್ಟಿನಲ್ಲಿದ್ದ ನನಗೆ ಬಾಸೆಲ್‌ನಲ್ಲಿ ಹೊಸ ಕೆಲಸ ಸಿಕ್ಕಿತ್ತು. ನಾನು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವುದರ ಜೊತೆಗೆ ನನ್ನ ಕಾರೂ ಒಂದು ದೇಶದ ಕಾರಾಗಿದ್ದದ್ದು ಇನ್ನೊಂದು ದೇಶದ ಕಾರಾಗಬೇಕಿತ್ತು. ಮನುಷ್ಯನ ವಲಸೆಗಿಂತ ಕಾರಿನ ವಲಸೆ ಸುಲಭವೆಂದು ನಾನು ಅಂದುಕೊಂಡಿದ್ದೆ.

ಹೀಗೆ ಅಂದುಕೊಳ್ಳಲು ಕಾರಣವಿತ್ತು. ಸ್ವಿಟ್ಜರ್ಲೆಂಡ್ ಷೆಂಗೆನ್ ವ್ಯವಸ್ಥೆಯೊಳಗಿದೆ, ಆದುದರಿಂದ ಆ ಗಡಿಯಲ್ಲಿ ಪಾಸ್‌ಪೋರ್ಟ್ ಕೇಳುವವರು ಅಪರೂಪ. ಆದರೆ ಅದು ಯುರೋಪಿನ ಒಕ್ಕೂಟದ ಸುಂಕ ವಲಯದೊಳಗಿಲ್ಲ. ಜನರಿಗೆ ಇಲ್ಲದ ಗಡಿ ಸರಕಿಗೆ ಇದ್ದೇ ಇದೆ, ಮತ್ತು ಕಾರು ಎಷ್ಟೇ ಹಳೆಯದಾಗಿದ್ದರೂ ಅಲ್ಲಿ ಅದು ಸರಕು. ಭಾನುವಾರ ತಿರುಗಾಡಲು ಹೋಗಿ ಸಂಜೆ ಮರಳುವ ಕಾರನ್ನು ಯಾರೂ ತಡೆಯುವುದಿಲ್ಲ. ಅದೇ ಕಾರು ಮರಳುವುದಿಲ್ಲವೆಂದು ತೀರ್ಮಾನವಾದ ಕ್ಷಣದಿಂದ ಅದು ಆಮದಾದ ವಸ್ತು.

ಆಮದಾದ ಕಾರಿಗೆ ಆ ವರ್ಷ ಮೂರು ಬಗೆಯ ಕರಗಳಿದ್ದವು. ಮೊದಲನೆಯದು ಸುಂಕ. ಅದನ್ನು ಬೆಲೆಯ ಮೇಲಲ್ಲ, ತೂಕದ ಮೇಲೆ ಲೆಕ್ಕ ಹಾಕುತ್ತಿದ್ದರು, ನೂರು ಕಿಲೋಗೆ 12ರಿಂದ 15 ಫ್ರಾಂಕ್. ಕಾರನ್ನು ಬೆಲ್ಲದ ಹಾಗೆ ತೂಗಿ ತೆರಿಗೆ ಹಾಕುತ್ತಾರೆಂದು ಮೊದಲು ಓದಿದಾಗ ನಾನು ನಂಬಿರಲಿಲ್ಲ. ಎರಡನೆಯದು ಬೆಲೆಯ ಮೇಲೆ ಶೇ 4ರಷ್ಟು ವಾಹನ ತೆರಿಗೆ. ಮೂರನೆಯದು, ಬೆಲೆಯ ಜೊತೆಗೆ ಈ ಎರಡನ್ನೂ ಕೂಡಿಸಿ ಅದರ ಮೇಲೆ ಶೇ 7.7ರ ವ್ಯಾಟ್. ನನ್ನ ಕಾರನ್ನು 12,000 ಯೂರೋ ಕೊಟ್ಟು ಕೊಂಡಿದ್ದೆ. ಆ ಬೇಸಿಗೆಯಲ್ಲಿ ಯೂರೋ ಮತ್ತು ಫ್ರಾಂಕ್ ಹೆಚ್ಚುಕಡಿಮೆ ಸರಿಸಮವಾಗಿದ್ದವು. ತೂಕ 1,300 ಕಿಲೋ. ಸುಂಕಕ್ಕೆ ನೂರೈವತ್ತು ಇನ್ನೂರರ ನಡುವೆ, ವಾಹನ ತೆರಿಗೆಗೆ 480, ವ್ಯಾಟಿಗೆ ಸುಮಾರು 970, ಒಟ್ಟು 1,600 ಫ್ರಾಂಕ್‌ಗಿಂತ ತುಸು ಮೇಲೆ. 2024ರ ಜನವರಿ 1ರಿಂದ ಸ್ವಿಟ್ಜರ್ಲೆಂಡ್ ಕೈಗಾರಿಕಾ ವಸ್ತುಗಳ ಸುಂಕವನ್ನು ಪೂರ್ತಿ ತೆಗೆದುಹಾಕಿದ್ದರಿಂದ ತೂಕದ ಲೆಕ್ಕ ಈಗಿಲ್ಲ. ಆದರೆ ಅದೇ ದಿನದಿಂದ ವ್ಯಾಟ್ ಶೇ 8.1ಕ್ಕೆ ಏರಿತು, ಅದುವರೆಗೆ ವಾಹನ ತೆರಿಗೆಯಿಂದ ಹೊರಗಿದ್ದ ವಿದ್ಯುತ್ ಕಾರುಗಳೂ ಶೇ 4ರ ಸಾಲಿಗೆ ಬಂದವು.

ಇಷ್ಟನ್ನೂ ಕಟ್ಟದೆ ದಾಟುವ ಕಾನೂನುಬದ್ಧ ದಾರಿ ಒಂದಿದೆ. ಮನೆ ಬದಲಿಸಿ ಬರುವವನ ಮನೆಸಾಮಾನಿನ ಲೆಕ್ಕದಲ್ಲಿ ಕಾರನ್ನೂ ಸೇರಿಸುವುದು ಆ ದಾರಿ. ಮಂಚ, ಮೇಜು, ಬಟ್ಟೆಬರೆಗಳ ಸಾಲಿನಲ್ಲಿ ಕಾರೂ ಒಂದು ಸಾಲು. ಇದಕ್ಕೆ ಷರತ್ತು ಎರಡೇ: ವಾಸ ಬದಲಿಸುವ ಮೊದಲು ಕನಿಷ್ಠ ಆರು ತಿಂಗಳು ಆ ಕಾರನ್ನು ತಾನೇ ಬಳಸಿರಬೇಕು, ಬಂದ ಮೇಲೆಯೂ ತಾನೇ ಬಳಸಬೇಕು. ಕೊಂಡು ತಂದು ಮಾರುವವರಿಗೆ ಹಾಕಿದ ಬೇಲಿ ಇದು. ಆದರೆ ಬೇಲಿಗೆ ಸಿಕ್ಕಿಕೊಳ್ಳುವವರು ಹೆಚ್ಚಾಗಿ ನನ್ನಂಥ, ಎಂದೋ ಕಾರು ಕೊಂಡು ಆಮೇಲೆ ಕೆಲಸ ಬದಲಿಸಿದ ಅಮಾಯಕರು.

ನಾನು ಕಾರಿನ ಖರೀದಿ ಪತ್ರಕ್ಕೆ ಸಹಿ ಹಾಕಿದ್ದು 2022ರ ಜನವರಿ 28, ಶುಕ್ರವಾರ. ನನ್ನ ಮನಸ್ಸಿನ ಗಡಿಯಾರ ಅಂದಿನಿಂದಲೇ ಓಡತೊಡಗಿತ್ತು. ಜುಲೈ 28ಕ್ಕೆ ಆರು ತಿಂಗಳು ತುಂಬಿತು, ಎರಡು ದಿನ ಹೆಚ್ಚಿಗೆಯೇ ಇದೆ, ಎಂಬ ಧೈರ್ಯದಿಂದ 18.44 ಎಂಬ ಸಂಖ್ಯೆಯ ಮನೆಸಾಮಾನಿನ ನಮೂನೆಯಲ್ಲಿ ‘ವಾಸ ಬದಲಾವಣೆಯ ದಿನಾಂಕ’ ಎಂಬಲ್ಲಿ ಜುಲೈ 30 ಎಂದು ಬರೆದುಕೊಂಡು ಬಂದಿದ್ದೆ.

ಪ್ರಯಾಣಿಕರ ಸಾಲಿನಲ್ಲಿದ್ದ ಅಧಿಕಾರಿ, ಐವತ್ತರ ಆಸುಪಾಸಿನವರು, ನನ್ನ ಕಡತವನ್ನು ನೋಡಿದ ಕೂಡಲೇ ತಲೆಯಾಡಿಸಿದರು. ಮನೆಸಾಮಾನಿನ ತೀರುವೆಯನ್ನು ಪ್ರಯಾಣಿಕರ ಕಿಟಕಿಯಲ್ಲಿ ಮಾಡುವುದಿಲ್ಲ, ವಾಣಿಜ್ಯ ಸರಕಿನ ಕೌಂಟರಿನಲ್ಲಿ ಮಾಡುತ್ತಾರೆ. ಆ ಕೌಂಟರು ಶನಿವಾರ, ಭಾನುವಾರ ಇರುವುದಿಲ್ಲ. ಸೋಮವಾರ ಆಗಸ್ಟ್ 1, ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ದಿನ, ಅಂದೂ ಇಲ್ಲ. ಮಂಗಳವಾರ ಬೆಳಿಗ್ಗೆ ಬನ್ನಿ ಎಂದರು. ಇದನ್ನು ನಾನು ಮೊದಲೇ ನೋಡಿಕೊಳ್ಳಬೇಕಿತ್ತು. ಕಚೇರಿಯ ವೇಳೆ ಎಲ್ಲರಿಗೂ ಕಾಣುವ ಹಾಗೆ ಪ್ರಕಟವಾಗಿತ್ತು. ಆದರೂ ಸ್ಟುಟ್‌ಗಾರ್ಟಿನ ಮನೆಯ ಬೀಗದ ಕೈ ಆಗಲೇ ಮಾಲೀಕರಿಗೆ ಕೊಟ್ಟಾಗಿದೆ, ಹಿಂದಿರುಗಿ ಹೋಗಲು ಮನೆಯಿಲ್ಲ ಎಂದೆಲ್ಲ ಹೇಳಿಕೊಂಡೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವುದು ಅಂದರೆ ಏನೆಂದು ಗಾದೆಯಲ್ಲಿ ಮಾತ್ರ ಕೇಳಿದ್ದ ನನಗೆ ಅಂದು ಅದರ ಪೂರ್ತಿ ಅರ್ಥ ತಿಳಿಯಿತು.

ಅವರು ಮಾತ್ರ ನನ್ನನ್ನು ಹಾಗೇ ಕಳುಹಿಸಲಿಲ್ಲ. ಕಡತದಿಂದ ಜರ್ಮನ್ ನೋಂದಣಿ ಪತ್ರದ ಮೊದಲ ಭಾಗವನ್ನು, ಅಂದರೆ ಮೂರು ಮಡಿಕೆಯ ಆ ತಿಳಿಹಸಿರು ಹಾಳೆಯನ್ನು ಎಳೆದು, ಒಂದು ಮೂಲೆಯಲ್ಲಿದ್ದ ದಿನಾಂಕದ ಮೇಲೆ ಬೆರಳಿಟ್ಟರು: ಜನವರಿ 31. ಶುಕ್ರವಾರ ಕೊಂಡ ಕಾರು ನನ್ನ ಹೆಸರಿಗೆ ನೋಂದಣಿಯಾದದ್ದು ಸೋಮವಾರ. ಆ ಬೆರಳನ್ನು ತೆಗೆದು, ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತ, ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ, ಜೂನ್ ಎಂದು ಎಣಿಸಿ, ಬಲಗೈಯ ಹೆಬ್ಬೆರಳಿಗೆ ಬಂದು ನಿಂತರು. “ಜುಲೈ 31. ನಾಳೆ. ನೀವು ಬಳಸಿದ್ದು ನೋಂದಣಿಯ ಮೇಲೆ ತಾನೇ? ಇವತ್ತು ಕೌಂಟರು ತೆರೆದಿದ್ದಿದ್ದರೆ ನಿಮಗೆ ಒಂದು ದಿನ ಕಡಿಮೆ ಬೀಳುತ್ತಿತ್ತು.” ನಂಬರ್ ಪ್ಲೇಟ್ ಇಲ್ಲದ ಕಾರನ್ನು ಆ ಮೂರು ದಿನ ನಾನು ಬಳಸಿದ್ದೆನೆಂದು ವಾದಿಸುವುದು ಸಾಧ್ಯವಿರಲಿಲ್ಲ, ವಾದಿಸಿದರೆ ಅದೇ ಒಂದು ಅಪರಾಧದ ಒಪ್ಪಿಗೆಯಾಗುತ್ತಿತ್ತು.

ಇನ್ನೊಂದನ್ನೂ ಅವರು ತೋರಿಸಿದರು. ಸ್ಟುಟ್‌ಗಾರ್ಟಿನ ನಗರ ಕಚೇರಿ ಕೊಟ್ಟ ವಾಸ ರದ್ದತಿಯ ಪತ್ರದಲ್ಲಿ ನಾನು ಊರು ಬಿಡುವ ದಿನಾಂಕ ಜುಲೈ 31 ಎಂದಿತ್ತು, ಏಕೆಂದರೆ ಬಾಡಿಗೆ ಕರಾರು ಮುಗಿಯುತ್ತಿದ್ದದ್ದು ಅಂದು. ಸುಂಕದ ನಮೂನೆಯಲ್ಲಿ ನಾನೇ ಬರೆದದ್ದು 30. ಎರಡು ಸರ್ಕಾರಗಳಿಗೆ ಎರಡು ದಿನಾಂಕ ಕೊಟ್ಟಿದ್ದೆ. ತೆರಿಗೆಯ ದರ ಎಷ್ಟು, ಬೆಲೆಯ ಪುರಾವೆ ಏನು ಎಂದು ರಾತ್ರಿಗಟ್ಟಲೆ ಓದಿದ್ದ ನಾನು, ಇಡೀ ವಿಷಯ ನಿಂತಿರುವುದು ಮೂರು ತಾರೀಖುಗಳ ಮೇಲೆ ಎಂಬುದನ್ನು ಗಮನಿಸಿರಲೇ ಇಲ್ಲ: ಕಾರು ನನ್ನ ಹೆಸರಿಗೆ ಬಂದ ದಿನ, ನಾನು ಒಂದು ದೇಶ ಬಿಟ್ಟ ದಿನ, ಇನ್ನೊಂದಕ್ಕೆ ಸೇರಿದ ದಿನ. ಕಾರು ಹಳೆಯದೋ ಹೊಸದೋ, ದುಬಾರಿಯೋ ಅಗ್ಗವೋ, ಇವೆಲ್ಲ ಆ ಮೂರರ ನಂತರದ ಪ್ರಶ್ನೆಗಳು.

ಗಡಿಯಿಂದ ಹದಿನೈದು ನಿಮಿಷದ ದಾರಿಯ ಲ್ಯೋರಾಖ್ ಎಂಬ ಜರ್ಮನ್ ಊರಿನಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ, ಧಾರವಾಡದ ಕಡೆಯವರು. ಫೋನು ಮಾಡಿದೆ. “ಬರ್ರಿ, ಅದರಾಗೇನದ” ಎಂದರು. ಕಾರು ತುಂಬಿದ ಸಾಮಾನಿನ ಸಮೇತ ಅವರ ಮನೆಯ ಮುಂದೆ ಮೂರು ರಾತ್ರಿ ನಿಂತಿತು. ಸೋಮವಾರ ರಾತ್ರಿ ಅವರ ಮನೆಯ ಮಹಡಿಯಿಂದ ಗಡಿಯಾಚೆಯ ಪಟಾಕಿಗಳ ಬೆಳಕು ನೋಡುತ್ತ ಹೊಸ ನಮೂನೆಯೊಂದನ್ನು ಮೊದಲಿನಿಂದ ತುಂಬಿದೆ.

ಆಗಸ್ಟ್ 2, ಮಂಗಳವಾರ. ಸರಕಿನ ಲಾರಿಗಳ ನಡುವೆ ನನ್ನ ಚಿಕ್ಕ ಕಾರು. ಕೌಂಟರಿನಲ್ಲಿ ಕೇಳಿದ್ದು ಇಷ್ಟು: ಸಾಮಾನಿನ ಪಟ್ಟಿ, ಸ್ವಿಸ್ ವಾಸದ ಪರವಾನಗಿಯ ಮಂಜೂರಾತಿ ಪತ್ರ, ಬಾಸೆಲ್ ಮನೆಯ ಬಾಡಿಗೆ ಕರಾರು, ಕೆಲಸದ ಕರಾರು, ಜರ್ಮನಿಯ ವಾಸ ರದ್ದತಿ, ಕಾರಿನ ನೋಂದಣಿ ಪತ್ರ, ಖರೀದಿ ಪತ್ರ. ಯುವ ಅಧಿಕಾರಿಯೊಬ್ಬರು ಹೊರಗೆ ಬಂದು, ಮುಂದಿನ ಗಾಜಿನ ಕೆಳಮೂಲೆಯಲ್ಲಿ ಕಾಣುವ ಚಾಸಿ ನಂಬರನ್ನು ಟಾರ್ಚು ಹಾಕಿ ಓದಿದರು. ಹದಿನೇಳು ಅಕ್ಷರ ಮತ್ತು ಅಂಕೆಗಳ ಆ ಸಾಲನ್ನು ನಾನು ನಮೂನೆಯಲ್ಲಿ ಕೈಯಾರೆ ಬರೆದಿದ್ದೆ. ಹನ್ನೊಂದನೆಯ ಸ್ಥಾನಕ್ಕೆ ಬಂದಾಗ ಅವರು ನಿಂತರು. ನಾನು ‘ಓ’ ಅಕ್ಷರವನ್ನು ಬರೆದಿದ್ದಲ್ಲಿ ಕಾರಿನ ಮೇಲಿದ್ದದ್ದು ಸೊನ್ನೆ. “ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಈ ಮೂರು ಅಕ್ಷರಗಳು ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗಬಾರದೆಂದು” ಎಂದು ಹೇಳಿ, ನನ್ನ ಕೈಗೆ ಪೆನ್ನು ಕೊಟ್ಟು, ತಿದ್ದಿ ಪಕ್ಕದಲ್ಲಿ ಸಹಿ ಹಾಕಿಸಿಕೊಂಡರು. ಇದು ಕ್ಷುಲ್ಲಕವೆಂದು ಕಂಡೀತು. ಆದರೆ ಆ ಹೊತ್ತಿನಲ್ಲಿ ತಿದ್ದದೆ ಹೋಗಿದ್ದರೆ ಅಲ್ಲಿಂದ ಮುಂದಿನ ಪ್ರತಿಯೊಂದು ಕಾಗದವೂ ಲೋಕದಲ್ಲಿ ಇಲ್ಲದ ಒಂದು ಕಾರಿನದಾಗುತ್ತಿತ್ತು.

ಇಪ್ಪತ್ತು ಫ್ರಾಂಕ್ ಶುಲ್ಕಕ್ಕೆ 13.20 ಎ ಎಂಬ ನಮೂನೆ ಬಂತು. ಕಾರು ಸುಂಕದಿಂದ ಬಿಡುಗಡೆಯಾಗಿದೆ, ಮನೆಸಾಮಾನಿನ ಲೆಕ್ಕದಲ್ಲಿ ಬಂದಿದೆ ಎಂಬ ಮೊಹರು ಅದರ ಮೇಲಿತ್ತು. ಈ ಒಂದು ಹಾಳೆಯಿಲ್ಲದೆ ಆ ದೇಶದ ಯಾವ ಆರ್‌ಟಿಒ ಕೂಡ ಹೊರಗಿನ ಕಾರನ್ನು ಮುಟ್ಟುವುದಿಲ್ಲ. ಒಟ್ಟು ನಲವತ್ತು ನಿಮಿಷದ ಕೆಲಸ. ಅಲ್ಲಿಂದ ನೇರವಾಗಿ ನಗರದ ನಿವಾಸಿಗಳ ಕಚೇರಿಗೆ ಹೋಗಿ ಹೆಸರು ಬರೆಸಿದೆ. ಮರುದಿನ ಕೆಲಸಕ್ಕೆ ಸೇರಿದೆ. 1,600 ಫ್ರಾಂಕ್ ಉಳಿಯಿತು ಎಂದು ಬೀಗುವಂತಿರಲಿಲ್ಲ, ಏಕೆಂದರೆ ವಿಮೆಯ ಗೋಳು ಅಂದು ಸಂಜೆಯೇ ಶುರುವಾಯಿತು.

ಸ್ಟುಟ್‌ಗಾರ್ಟಿನಿಂದ ಹೊರಡುವ ಮೊದಲು ನಾನು ಪ್ರಾಮಾಣಿಕನಾಗಿ ನನ್ನ ಜರ್ಮನ್ ವಿಮಾ ಕಂಪನಿಗೆ ವಿಳಾಸ ಬದಲಾವಣೆಯನ್ನು ತಿಳಿಸಿದ್ದೆ. ಅದರ ಉತ್ತರ ಬಂದದ್ದು ಅಂದು: ತಾವು ಜುಲೈ 31ಕ್ಕೆ ದೇಶ ಬಿಟ್ಟಿರುವುದರಿಂದ ಕರಾರು ಅಂದಿಗೆ ಮುಕ್ತಾಯವಾಗುತ್ತದೆ. ಅಂದರೆ ಎರಡು ದಿನದಿಂದ ನಾನು ವಿಮೆಯಿಲ್ಲದ ಕಾರನ್ನು ಓಡಿಸುತ್ತಿದ್ದೆ, ಮತ್ತು ಅದೇ ಕಾರಿನಲ್ಲಿ ಸುಂಕದ ಅಧಿಕಾರಿಯ ಮುಂದೆ ಹೋಗಿ ನಿಂತಿದ್ದೆ! ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ಸಿಕ್ಕ ಇನ್ನೊಬ್ಬ ಸಿಬ್ಬಂದಿ ಆ ಪತ್ರ ತಪ್ಪೆಂದು ಒಪ್ಪಿಕೊಂಡರು. ಕಾರು ಜರ್ಮನಿಯಲ್ಲಿ ನೋಂದಣಿಯಲ್ಲಿರುವವರೆಗೆ ಕಡ್ಡಾಯ ಥರ್ಡ್ ಪಾರ್ಟಿ ವಿಮೆ ಇದ್ದೇ ಇರುತ್ತದೆ, ನೋಂದಣಿ ರದ್ದಾದ ದಿನ ಅದು ಮುಗಿಯುತ್ತದೆ, ಆದರೆ ಮೂರು ತಿಂಗಳೊಳಗೆ ಬದಲಿಸಿಕೊಳ್ಳಿ ಎಂದು ಹೊಸ ಪತ್ರ ಕಳುಹಿಸಿದರು. ಫೋನಿನ ಮಾತನ್ನು ನಂಬಿ ಸುಮ್ಮನಾಗದೆ ಆ ಪತ್ರವನ್ನು ಬರೆಸಿಕೊಂಡದ್ದು ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಏಕೈಕ ಬುದ್ಧಿವಂತ ಕೆಲಸ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಗಡಿ ದಾಟುವ ಕಾರಿನ ವಿಮೆಯ ಬಗ್ಗೆ ಜನರಿಗೆ ಇರುವ ತಪ್ಪು ಕಲ್ಪನೆ ನನಗೂ ಇತ್ತು. ವಿಮೆ ಕಾರಿಗೆ ಅಂಟಿಕೊಂಡಿರುತ್ತದೆ, ಅಥವಾ ಓಡಿಸುವವನಿಗೆ ಅಂಟಿಕೊಂಡಿರುತ್ತದೆ ಎಂದು ನಾವು ತಿಳಿಯುತ್ತೇವೆ. ಯುರೋಪಿನಲ್ಲಿ ಅದು ಅಂಟಿಕೊಂಡಿರುವುದು ನಂಬರ್ ಪ್ಲೇಟಿಗೆ. ಒಂದು ಕಾಲದಲ್ಲಿ ಕಾರಿಗೆ ವಿಮೆಯಿದೆ ಎಂಬುದಕ್ಕೆ ಗಡಿಯಲ್ಲಿ ಹಸಿರು ಕಾರ್ಡ್ ಎಂಬ ಪತ್ರ ತೋರಿಸಬೇಕಿತ್ತು. (2020ರ ಜುಲೈಯಿಂದ ಅದನ್ನು ಬಿಳಿ ಹಾಳೆಯಲ್ಲಿ ಮುದ್ರಿಸಬಹುದು; ಹೆಸರು ಮಾತ್ರ ಹಸಿರು ಕಾರ್ಡ್ ಎಂದೇ ಉಳಿದಿದೆ.) ಜರ್ಮನಿ, ಸ್ವಿಟ್ಜರ್ಲೆಂಡ್ ಮೊದಲಾದ ದೇಶಗಳ ನಡುವಿನ ಒಪ್ಪಂದದಲ್ಲಿ ಆ ಕಾರ್ಡಿನ ಕೆಲಸವನ್ನು ನಂಬರ್ ಪ್ಲೇಟೇ ಮಾಡುತ್ತದೆ: ಪ್ಲೇಟು ಯಾವ ದೇಶದ್ದೋ ಆ ದೇಶದ ವಿಮಾ ವ್ಯವಸ್ಥೆ ಅಪಘಾತದಲ್ಲಿ ನೊಂದವರಿಗೆ ಹೊಣೆ. ಆದುದರಿಂದ ಪ್ಲೇಟಿಲ್ಲದ ಒಂದು ದಿನವೂ ಕಾರಿನ ಬದುಕಿನಲ್ಲಿ ಬರಬಾರದು. ಹೊರಡುವ ಮೊದಲೇ ಎಲ್ಲವನ್ನೂ ಚೊಕ್ಕ ಮಾಡಿಬಿಡೋಣವೆಂದು ಜರ್ಮನ್ ನೋಂದಣಿಯನ್ನು ರದ್ದು ಮಾಡಿಸಿಬಿಡುವವರಿದ್ದಾರೆ. ಹಾಗೆ ಮಾಡಿದರೆ ಪ್ಲೇಟು, ವಿಮೆ ಎರಡೂ ಒಟ್ಟಿಗೆ ಹೋಗುತ್ತವೆ. ಆಮೇಲೆ ಕಾರನ್ನು ಗಡಿ ದಾಟಿಸಲು, ರಫ್ತಿಗೆಂದೇ ಕೊಡುವ ಕೆಂಪು ಪಟ್ಟಿಯ ತಾತ್ಕಾಲಿಕ ಪ್ಲೇಟನ್ನೂ ಅದಕ್ಕೊಂದು ಅಲ್ಪಾವಧಿ ವಿಮೆಯನ್ನೂ ಕೊಳ್ಳಬೇಕು. ಹೊಸ ಪ್ಲೇಟು ಕೈಗೆ ಬರುವವರೆಗೆ ಹಳೆಯದನ್ನು ಬಿಚ್ಚಬಾರದು.

ಇನ್ನು ಸ್ವಿಸ್ ವಿಮೆ. ಅಲ್ಲಿ ಥರ್ಡ್ ಪಾರ್ಟಿ ವಿಮೆ ಕನಿಷ್ಠ 50 ಲಕ್ಷ ಫ್ರಾಂಕ್ ಹೊಣೆಯನ್ನು ಹೊರಬೇಕೆಂದು ಕಾನೂನಿದೆ. ಅದರ ಮೇಲೆ, ನಮ್ಮ ಕಾರಿಗೇ ಆಗುವ ನಷ್ಟಕ್ಕೆ, ಭಾಗಶಃ ಕಾಸ್ಕೋ, ಪೂರ್ಣ ಕಾಸ್ಕೋ ಎಂಬ ಎರಡು ಅಂತಸ್ತುಗಳು. ಭಾಗಶಃ ಕಾಸ್ಕೋದಲ್ಲಿ ಕಳವು, ಆಲಿಕಲ್ಲು, ಬೆಂಕಿಗಳ ಜೊತೆ ಮಾರ್ಟನ್ ಕಡಿತ ಎಂಬ ಒಂದು ಬಾಬತ್ತು ಇರುತ್ತದೆ. ಮಾರ್ಟನ್ ಎಂದರೆ ನಮ್ಮ ಮುಂಗುಸಿಯ ಗಾತ್ರದ, ಉದ್ದ ಬಾಲದ ಪ್ರಾಣಿ. ಬಿಸಿಯಿರುವ ಬಾನೆಟ್ಟಿನೊಳಗೆ ರಾತ್ರಿ ಸೇರಿಕೊಂಡು ರಬ್ಬರು ಕೊಳವೆಗಳನ್ನು ಕಡಿದುಹಾಕುತ್ತದೆ. ನಾನು ನಕ್ಕು ಅದನ್ನು ಬಿಡಬೇಕೆಂದಿದ್ದೆ, ಏಜೆಂಟರು ನಗಲಿಲ್ಲ. ಸೇರಿಸಿಕೊಂಡೆ.

ಪ್ರೀಮಿಯಂ ಲೆಕ್ಕ ಹಾಕುವ ಹಾಳೆಯಲ್ಲಿ ವಯಸ್ಸು, ಊರು, ಕಾರಿನ ಮಾದರಿಗಳ ನಂತರ ‘ರಾಷ್ಟ್ರೀಯತೆ’ ಎಂಬ ಕಲಂ ಇತ್ತು. ಸುಮ್ಮನೆ ದಾಖಲೆಗಾಗಿ ಕೇಳುತ್ತಾರೆಂದು ತಿಳಿದೆ. ಅಲ್ಲ, ಸ್ವಿಟ್ಜರ್ಲೆಂಡಿನ ವಿಮಾ ಕಂಪನಿಗಳು ಪಾಸ್‌ಪೋರ್ಟ್ ನೋಡಿ ದರ ಹಾಕುವುದುಂಟು. ಗಂಡು ಹೆಣ್ಣೆಂದು ನೋಡಿ ದರ ಬೇರೆ ಮಾಡುವುದನ್ನು ಯುರೋಪಿನ ಒಕ್ಕೂಟ 2012ರ ಡಿಸೆಂಬರ್ 21ರಿಂದ ನಿಲ್ಲಿಸಿದೆ. ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ, ಆ ನಿಷೇಧವೂ ಅಲ್ಲಿಗೆ ತಟ್ಟಿಲ್ಲ. ಹದಿನೈದು ಕಿಲೋಮೀಟರ್ ಆಚೆ ಇದ್ದಾಗ ಯಾರೂ ಕೇಳದಿದ್ದ ನನ್ನ ದೇಶ, ಈಚೆ ಬಂದಾಗ ಅಪಘಾತದ ಸಂಭವವನ್ನು ಅಳೆಯುವ ಅಂಶವಾಯಿತು. ಇದು ನ್ಯಾಯವೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಮೂರು ಕಂಪನಿಗಳಲ್ಲಿ ವಿಚಾರಿಸಿದಾಗ ಈ ಕಲಮ್ಮಿಗೆ ಒಬ್ಬೊಬ್ಬರು ಕೊಡುವ ತೂಕ ಬೇರೆಬೇರೆ ಎಂದು ತಿಳಿಯಿತು. ಕಡಿಮೆ ತೂಕ ಕೊಟ್ಟವರನ್ನು ಆರಿಸಿಕೊಂಡೆ.

ಆದರೂ ದರ ಜರ್ಮನಿಗಿಂತ ಮೂರನೇ ಒಂದು ಭಾಗ ಹೆಚ್ಚಾಗಿತ್ತು. ಅದನ್ನು ಇಳಿಸಲು ಉಳಿದಿದ್ದ ಒಂದೇ ಆಯುಧ, ಕ್ಲೇಮು ಮಾಡದೆ ಕಳೆದ ವರ್ಷಗಳ ಬೋನಸ್. ಈ ಕಾರಿಗೂ ಮೊದಲಿದ್ದ ಹಳೆಯ ಕಾರಿನದೂ ಸೇರಿ ಐದು ವರ್ಷ ನಾನು ಒಂದು ಪೈಸೆ ಪರಿಹಾರ ಕೇಳಿರಲಿಲ್ಲ. ಜರ್ಮನ್ ಕಂಪನಿ ಅದಕ್ಕೆ ‘ಎಸ್‌ಎಫ್ 5’, ಅಂದರೆ ಕ್ಲೇಮಿಲ್ಲದ ಐದು ವರ್ಷದ ದರ್ಜೆ, ಎಂದು ಒಂದೇ ಸಾಲಿನ ಪತ್ರ ಕೊಟ್ಟಿತು. ಸ್ವಿಸ್ ಕಂಪನಿಗೆ ಆ ಸಂಕೇತ ಬೇಡ. ಯಾವ ದಿನದಿಂದ ಯಾವ ದಿನದವರೆಗೆ ವಿಮೆಯಿತ್ತು, ಎಷ್ಟು ಕ್ಲೇಮು, ಯಾರ ಹೆಸರಿನಲ್ಲಿ, ಇಷ್ಟು ಬೇಕು. ಯುರೋಪಿನ ಒಕ್ಕೂಟದ ವಾಹನ ವಿಮಾ ನಿರ್ದೇಶನದ ಪ್ರಕಾರ, ವಿಮೆ ಮಾಡಿಸಿದವನು ಕೇಳಿದರೆ ಕನಿಷ್ಠ ಹಿಂದಿನ ಐದು ವರ್ಷದ ಕ್ಲೇಮುಗಳ ವಿವರವನ್ನು ಹದಿನೈದು ದಿನದೊಳಗೆ ಕೊಡಲೇಬೇಕು. ಈ ನಿಯಮವನ್ನು ಉಲ್ಲೇಖಿಸಿ ಬರೆದ ಎರಡನೆಯ ಕಾಗದಕ್ಕೆ ನಾಲ್ಕೇ ದಿನದಲ್ಲಿ ಉತ್ತರ ಬಂತು. ಬೋನಸ್ ಪೂರ್ತಿ ಸಿಕ್ಕಿತು. ಹಳೆಯ ಕಂಪನಿಯ ಜೊತೆ ಸಂಬಂಧ ಕಡಿದುಕೊಳ್ಳುವ ಮೊದಲೇ ಈ ಕಾಗದ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಗಿರಾಕಿಯಲ್ಲದವನ ಕಾಗದ ಯಾವ ಕಂಪನಿಯಲ್ಲೂ ಮೇಜಿನ ತಳಕ್ಕೆ ಹೋಗುತ್ತದೆ.

ವಾಹನ ತಪಾಸಣೆಗೆ ಐದು ವಾರ ಕಾದೆ. ಜರ್ಮನಿಯ ತಪಾಸಣೆ ಮುಗಿದು ಎಂಟು ತಿಂಗಳಷ್ಟೇ ಆಗಿದ್ದರೂ ನನ್ನ ಕಾರು ಅಲ್ಲಿ ಮತ್ತೆ ಪರೀಕ್ಷೆಗೆ ನಿಲ್ಲಬೇಕಾಯಿತು. ಕಾರು ಯುರೋಪಿನ ಮಾನದಂಡಗಳಿಗೆ ಹೊಂದುತ್ತದೆಂದು ತಯಾರಕರು ಕೊಡುವ ಅನುರೂಪತಾ ಪತ್ರ ನನ್ನಲ್ಲಿದ್ದದ್ದರಿಂದ ಹೊಗೆ, ಸದ್ದು, ತೂಕಗಳ ಅಂಕಿಗಳನ್ನು ಹುಡುಕುವ ಪ್ರಮೇಯ ಬರಲಿಲ್ಲ. ಹೋಗುವ ಮೊದಲು ಎಂಜಿನ್ನನ್ನೂ ಕಾರಿನ ತಳವನ್ನೂ ತೊಳೆಸಿಕೊಂಡು ಹೋಗಿ ಎಂದು ಸಹೋದ್ಯೋಗಿಗಳು ಹೇಳಿದ್ದರು. ಮದುವೆಗೆ ಹೆಣ್ಣು ತೋರಿಸುವ ಸಡಗರದಲ್ಲಿ ಹಾಗೇ ಮಾಡಿದೆ. ಪರೀಕ್ಷಕರು ಗುಂಡಿಯೊಳಗಿಳಿದು ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ನೋಡಿ, ದೀಪಗಳ ಎತ್ತರ ಅಳೆದು, ಕೊನೆಗೆ “ತ್ರಿಕೋನ ಎಲ್ಲಿದೆ?” ಎಂದರು. ಕೆಟ್ಟು ನಿಂತಾಗ ರಸ್ತೆಯಲ್ಲಿಡುವ ಕೆಂಪು ತ್ರಿಕೋನ ಡಿಕ್ಕಿಯಲ್ಲಿತ್ತು, ಚಾಪೆಯ ಕೆಳಗೆ. ಅದು ಕೈಗೆಟಕುವಲ್ಲಿರಬೇಕು, ಸೀಟಿನ ಕೆಳಗೋ ಬಾಗಿಲಿನ ಜೇಬಿನಲ್ಲೋ. ಹಿಂದಿನಿಂದ ಗುದ್ದಿಸಿಕೊಂಡ ಕಾರಿನ ಡಿಕ್ಕಿ ತೆರೆಯುವುದಿಲ್ಲವಲ್ಲ ಎಂದರು. ನಾನು ತಂದು ಸೀಟಿನ ಕೆಳಗಿಡುವವರೆಗೆ ಅವರು 13.20 ಎ ನಮೂನೆಯ ಮೇಲೆ ಪೆನ್ನು ಎತ್ತಿ ಹಿಡಿದೇ ನಿಂತಿದ್ದರು.

ಉಳಿದದ್ದು ಸಲೀಸು. ವಿಮಾ ಕಂಪನಿ ತನ್ನ ದೃಢೀಕರಣವನ್ನು ನೇರವಾಗಿ ಕಂಪ್ಯೂಟರಿನಲ್ಲಿ ವಾಹನ ಕಚೇರಿಗೆ ಕಳುಹಿಸಿತ್ತು. ಕಚೇರಿಯವರು ನನ್ನ ಜರ್ಮನ್ ಪತ್ರಗಳನ್ನು ಅಮಾನ್ಯಗೊಳಿಸಿ, ಬಾಸೆಲ್ ನಗರದ ಸಂಕೇತವಾದ ‘ಬಿಎಸ್’ ಎಂದು ಆರಂಭವಾಗುವ ಎರಡು ಪ್ಲೇಟುಗಳನ್ನು ಮುಂದಿಟ್ಟರು, ಮುಂದಿನದು ಚಿಕ್ಕದು, ಹಿಂದಿನದು ದೊಡ್ಡದು. ಆ ದೇಶದಲ್ಲಿ ನಂಬರು ಕಾರಿನದಲ್ಲ, ಮಾಲೀಕನದು. ಕಾರು ಮಾರಿದರೂ ನಂಬರು ನನ್ನಲ್ಲೇ ಇರುತ್ತದೆ. ಮೂರು ತಿಂಗಳು ಊರಿಗೆ ಹೋಗುವುದಿದ್ದರೆ ಪ್ಲೇಟುಗಳನ್ನು ಬಿಚ್ಚಿ ಕಚೇರಿಯಲ್ಲಿ ಇಟ್ಟುಹೋಗಬಹುದು. ಅಷ್ಟು ದಿನ ರಸ್ತೆ ತೆರಿಗೆಯೂ ವಿಮೆಯ ಪ್ರೀಮಿಯಮ್ಮೂ ನಿಲ್ಲುತ್ತವೆ. ವಿಮೆ ಪ್ಲೇಟಿಗೆ ಅಂಟಿಕೊಂಡಿರುತ್ತದೆ ಎಂದೆನಲ್ಲ, ಅದು ಇಷ್ಟು ಅಕ್ಷರಶಃ ನಿಜವೆಂದು ಅಂದು ತಿಳಿಯಿತು. ವಾರ್ಷಿಕ ರಸ್ತೆ ತೆರಿಗೆ, ನಮ್ಮ ರಾಜ್ಯಗಳಂಥ ಇಪ್ಪತ್ತಾರು ಕ್ಯಾಂಟನ್‌ಗಳಲ್ಲಿ ಒಂದೊಂದರದೂ ಒಂದೊಂದು ಲೆಕ್ಕ. ಹೆದ್ದಾರಿಗೆ ಮಾತ್ರ ದೇಶಕ್ಕೆಲ್ಲ ಒಂದೇ, ವರ್ಷಕ್ಕೆ 40 ಫ್ರಾಂಕಿನ ಚೀಟಿ.

ಬಿಚ್ಚಿದ ಹಳೆಯ ಪ್ಲೇಟುಗಳನ್ನು ಚೀಲದಲ್ಲಿ ಹಾಕಿಕೊಂಡು ಜರ್ಮನ್ ಕಡೆಗೆ ಹೋಗಿ ಅಲ್ಲಿನ ನೋಂದಣಿಯನ್ನು ರದ್ದು ಮಾಡಿಸಿದೆ. ಜರ್ಮನಿಯಲ್ಲಿ ಕಾರಿನ ವಾರ್ಷಿಕ ತೆರಿಗೆಯನ್ನು 2014ರಿಂದ ವಸೂಲು ಮಾಡುತ್ತಿರುವುದೂ ಸುಂಕ ಇಲಾಖೆಯೇ. ಮುಂಗಡ ಕಟ್ಟಿದ್ದರಲ್ಲಿ ಉಳಿದ ದಿನಗಳ ಹಣವನ್ನು ಅದು ಕೇಳದೆಯೇ ಬ್ಯಾಂಕ್ ಖಾತೆಗೆ ಮರಳಿ ಹಾಕಿತು. ಸುಂಕದವರಿಂದ ನನಗೆ ಹಣ ಬಂದದ್ದು ಅದೇ ಮೊದಲು.

ಇಷ್ಟೆಲ್ಲ ಮುಗಿದ ಮೇಲೆ ಗಡಿಯ ಇನ್ನೊಂದು ಮುಖ ಕಂಡಿತು. ಸ್ವಿಸ್ ಪ್ಲೇಟು ಏರಿದ ಕ್ಷಣದಿಂದ ನನ್ನ ಕಾರು ಯುರೋಪಿನ ಒಕ್ಕೂಟಕ್ಕೆ ಪರದೇಶಿ. ನಾನು ಸ್ವಿಟ್ಜರ್ಲೆಂಡಿನ ನಿವಾಸಿಯಾದ್ದರಿಂದ ಅದನ್ನು ಜರ್ಮನಿಗೆ ಓಡಿಸಿಕೊಂಡು ಹೋಗಬಹುದು. ಆದರೆ ಒಕ್ಕೂಟದಲ್ಲಿ ವಾಸಿಸುವವರು ಹೊರದೇಶದ ಪ್ಲೇಟಿನ ಕಾರನ್ನು ಅಲ್ಲಿ ಓಡಿಸಿದರೆ ಅದನ್ನು ಆಮದು ಮಾಡಿದಂತೆ ಎಣಿಸಿ, ಕಾರಿನ ಬೆಲೆಯ ಮೇಲೆ ಶೇ 10ರ ಸುಂಕವನ್ನೂ ಜರ್ಮನಿಯ ಶೇ 19ರ ವ್ಯಾಟನ್ನೂ ಕೇಳಬಹುದು. ಒಂದು ಮುಖ್ಯ ವಿನಾಯಿತಿ ಇದೆ: ಮಾಲೀಕನು ಹೇಳಿದ ಮೇರೆಗೆ ಆಗೊಮ್ಮೆ ಈಗೊಮ್ಮೆ ಓಡಿಸಬಹುದು, ಆದರೆ ಆ ಹೊತ್ತಿನಲ್ಲಿ ಮಾಲೀಕನೂ ಒಕ್ಕೂಟದ ನೆಲದ ಮೇಲಿರಬೇಕು.

ಮರುವರ್ಷ ಬೇಸಿಗೆಯಲ್ಲಿ ಲ್ಯೋರಾಖ್‌ನ ಗೆಳೆಯರ ಕಾರು ಗ್ಯಾರೇಜು ಸೇರಿತು. ಭಾನುವಾರ ನಾನು ಊಟಕ್ಕೆ ಹೋಗಿದ್ದಾಗ, ಒಂದು ವಾರ ನಿಮ್ಮ ಕಾರು ಇಲ್ಲೇ ಇರಲಿ, ನೀವು ಎಸ್6 ರೈಲಿನಲ್ಲಿ ಮನೆಗೆ ಹೋಗಿಬಿಡಿ, ಇಪ್ಪತ್ತೇ ನಿಮಿಷ ಎಂದರು. ನಾನು ನಿಯಮ ವಿವರಿಸಿದೆ: ನಾನು ರೈಲಿನಲ್ಲಿ ಗಡಿ ದಾಟಿದ ಮರುಕ್ಷಣ ನೀವು ಸ್ಟೀರಿಂಗ್ ಹಿಡಿದಿದ್ದರೆ ನೀವೇ ಆಮದುದಾರರು. ಅವರು ಕಿಟಕಿಯಿಂದ ಆಚೆ, ಮೂರು ರಾತ್ರಿ ಸಾಮಾನು ಹೊತ್ತು ಅವರದೇ ಮನೆಯ ಮುಂದೆ ನಿಂತಿದ್ದ ಆ ಕಾರನ್ನು ಸ್ವಲ್ಪ ಹೊತ್ತು ನೋಡಿದರು. “ಅದೇ ಗಾಡಿ ಅಲ್ಲೇನ್ರಿ ಇದು?” ಎಂದರು. ಹೌದೆಂದೆ. ಮರುದಿನ ಬೆಳಿಗ್ಗೆ ಅವರು ಬಾಡಿಗೆಗೆ ಒಂದು ಕಾರು ತೆಗೆದುಕೊಂಡರು.